ಇಪ್ಪತ್ತೇಳನೆಯ ಪುಟದ ಶಿಕ್ಕಾ

ಅಥವಾ ಅವನ ಮೇಲುಹೊದಿಕೆ ಕೆಂಪಾಗಿರಲೇ ಇಲ್ಲವೇನೋ. ಮುಖಪುಟದಲ್ಲಿ ಸುತ್ತಿಗೆ ಎತ್ತಿ ನಿಂತ ಆ ಸಿಡಿಲದೇವನನ್ನು ನಾನು ಕಡಿಮೆಯೆಂದರೂ ನೂರು ಸಲ ನೋಡಿದ್ದೇನೆ. ಕಣ್ಣು ಮುಚ್ಚಿದರೆ ಕೆಂಪೇ ಕಾಣುತ್ತದೆ. ಆದರೆ ಅಂದಿನ ಅಕ್ಸೆಶನ್ ರಿಜಿಸ್ಟರಿನಲ್ಲಿ, ಅಂದರೆ ವಾಚನಾಲಯಕ್ಕೆ ಬಂದ ಪ್ರತಿ ಪುಸ್ತಕಕ್ಕೂ ಕ್ರಮಸಂಖ್ಯೆ ಕೊಟ್ಟು ದಾಖಲಿಸುವ ದಪ್ಪ ವಹಿಯಲ್ಲಿ, ನನ್ನದೇ ಅಕ್ಷರದಲ್ಲಿ ಹೀಗಿದೆ: 'ನೀಲಿ ಹೊದಿಕೆಯ ವೀರನ ಚಿತ್ರಕಥೆ, ಇಂಗ್ಲಿಷ್, ಹಳೆಯದು.' ವಾಚನಾಲಯ ಮುಚ್ಚಿದಾಗ ಆ ರಿಜಿಸ್ಟರ್ ನನ್ನ ಮನೆಗೆ ಬಂತು. ಹಾಗಾಗಿ ನೋಡಿ ಹೇಳುತ್ತಿದ್ದೇನೆ.

ಎರಡರಲ್ಲಿ ಯಾವುದನ್ನು ನಂಬಬೇಕು? ನೌಕರಿ ಇರುವವರೆಗೆ ಈ ಪ್ರಶ್ನೆ ಏಳುತ್ತಿರಲಿಲ್ಲ. ದಾಖಲೆಯನ್ನು ನಂಬುವುದೇ ನನ್ನ ಕೆಲಸವಾಗಿತ್ತು. ಆದರೆ ಅದೇ ದಾಖಲೆಗಳ ನಡುವೆ ನಾನೇ ಬರೆದ ಒಂದು ಪುಟದ ವರದಿಯೂ ಇದೆ. ಅದು ಒಬ್ಬ ಮನುಷ್ಯನ ನೌಕರಿ ತಿಂದಿತು. ಆದ್ದರಿಂದ ಇದನ್ನು ಓದುವವರು ನನ್ನ ನೆನಪು ಮತ್ತು ನನ್ನ ಬರವಣಿಗೆ, ಎರಡನ್ನೂ ಸಮನಾಗಿ ಅನುಮಾನಿಸಬೇಕು.

೧೯೮೪ರಲ್ಲಿ ನಾನು ಆಳಂದದ ಒಂದು ವಾಚನಾಲಯಕ್ಕೆ ಗ್ರಂಥಪಾಲಕಿಯಾಗಿ ಸೇರಿದೆ. ಇಷ್ಟು ಖಚಿತ, ನೇಮಕದ ಆದೇಶ ಇದೆ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರೂ ಊರುಗಳಲ್ಲಿ ಒಂದೊಂದು ವಾಚನಾಲಯ ನಡೆಸುತ್ತಿದ್ದ ಸಣ್ಣ ಸಂಸ್ಥೆ ಅದು. ಈಗ ಇಲ್ಲ. ಹೆಸರು ಹೇಳಿ ಪ್ರಯೋಜನವೂ ಇಲ್ಲ. ನನಗಿಂತ ಮೊದಲು ಅಲ್ಲಿದ್ದವರು ಗುಂಡೇರಾವ್ ಸರ್. ಜೇವರ್ಗಿಯಲ್ಲಿ ಶುರುಮಾಡಿ, ಅಫಜಲಪುರದಲ್ಲಿ ಬಹಳ ವರ್ಷ ಇದ್ದು, ಆಳಂದದಲ್ಲಿ ನಿವೃತ್ತರಾದವರು. ಕಪಾಟುಗಳ ಚಾವಿಗೊಂಚಲು ಕೊಟ್ಟ ಮೇಲೆ ಅವರು ಬಾಗಿಲು ಮುಂದೆ ಮಾಡಿ, ಒಂದು ಚೀಟಿಯ ಮೇಲೆ ಅಂಕಿಯೊಂದನ್ನು ಬರೆದು ನನಗೆ ತೋರಿಸಿದರು.

"ನೋಡ್ ತಂಗಿ, ಚಾವಿ ಕಳದ್ರ ಹೊಸದು ಮಾಡಿಸಬಹುದು. ಈ ನಂಬರ ಹೊರಗ ಹೋದ್ರ ವಾಚನಾಲಯನ ಹೋದಂಗ. ಗಂಡಗೂ ಹೇಳಬ್ಯಾಡ."

ಚೀಟಿಯ ಮೇಲೆ ೨೭ ಎಂದಿತ್ತು. ಆಮೇಲೆ ಅವರು ಆ ಚೀಟಿಯನ್ನು ಎಲೆ ಅಡಿಕೆಯ ಜತೆ ಬಾಯಿಗೆ ಹಾಕಿಕೊಂಡರು ಎಂದು ನಾನು ಎಷ್ಟೋ ಜನರಿಗೆ ಹೇಳಿ ನಗಿಸಿದ್ದೇನೆ. ಬಹುಶಃ ಹರಿದು ಕಿಟಕಿಯಾಚೆ ಎಸೆದರು.

ಗುಪ್ತಪುಟ ಎಂಬುದನ್ನು ಇಲ್ಲಿ ವಿವರಿಸಬೇಕು. ವಾಚನಾಲಯದ ಶಿಕ್ಕಾ, ಅಂದರೆ ಮುದ್ರೆ, ಪುಸ್ತಕದ ಮೊದಲ ಪುಟದಲ್ಲೂ ಕೊನೆಯ ಪುಟದಲ್ಲೂ ಇರುತ್ತದೆ. ಕದ್ದವನು ಮೊದಲು ಆ ಎರಡು ಪುಟಗಳನ್ನು ಹರಿಯುತ್ತಾನೆ. ಅದಕ್ಕಾಗಿ ನಡುವೆ ಇನ್ನೊಂದು ಪುಟದಲ್ಲಿ, ಹೊಲಿಗೆಯ ಸಂದಿಗೆ ಹತ್ತಿರ, ಕಣ್ಣಿಗೆ ಬೀಳದಂತೆ ಮೂರನೆಯ ಸಣ್ಣ ಶಿಕ್ಕಾ ಒತ್ತುತ್ತೇವೆ. ಅದು ಎಷ್ಟನೆಯ ಪುಟ ಎಂಬುದು ಗ್ರಂಥಪಾಲಕರಿಗೂ ಶಿಕ್ಕಾ ಒತ್ತುವವರಿಗೂ ಮಾತ್ರ ಗೊತ್ತಿರಬೇಕು. ನಮ್ಮ ಮೂರು ವಾಚನಾಲಯಗಳ ನಡುವೆ ಆಗಾಗ ಪುಸ್ತಕದ ಗಂಟುಗಳು ಅದಲು ಬದಲಾಗುತ್ತಿದ್ದವು. ಹಾಗೆ ಬಂದ ಪುಸ್ತಕದಲ್ಲಿ ಆ ಊರಿನವರ ಗುಪ್ತಪುಟ ಯಾವುದೆಂದು ಹುಡುಕುವುದನ್ನು ನಾವು ಅಸಭ್ಯ ಎಂದುಕೊಂಡಿದ್ದೆವು. ಪರರ ಕಾಗದ ಒಡೆದು ಓದಿದ ಹಾಗೆ. ನಾನು ಒಮ್ಮೆಯೂ ಹುಡುಕಲಿಲ್ಲ. ಈ ಸಭ್ಯತೆಯ ಬೆಲೆ ಎಷ್ಟೆಂದು ತಿಳಿಯಲು ಒಂಬತ್ತು ವರ್ಷ ಬೇಕಾಯಿತು.

ಆಳಂದದಲ್ಲಿ ಶಿಕ್ಕಾ ಒತ್ತುತ್ತಿದ್ದವನು ಭೀಮಶಾ. ಕಿಣ್ಣಿ ಸುಲ್ತಾನದವನು, ಬೌದ್ಧ ಮನೆತನ, ನನಗಿಂತ ಏಳೆಂಟು ವರ್ಷ ದೊಡ್ಡವನು. ಕಸ ಹೊಡೆಯುವುದರಿಂದ ಹಿಡಿದು ಪುಸ್ತಕ ಬೈಂಡ್ ಮಾಡುವವರೆಗೆ ಎಲ್ಲ ಕೆಲಸವೂ ಅವನದೇ. ಹುದ್ದೆ ಮಾತ್ರ ದಿನಗೂಲಿ. ಮೈದಾ ಅಂಟಿಗೆ ಮೈಲುತುತ್ತ ಎಷ್ಟು ಹಾಕಿದರೆ ಹುಳ ಬರುವುದಿಲ್ಲ, ಎಷ್ಟು ಹಾಕಿದರೆ ಕಾಗದ ಕಪ್ಪಾಗುತ್ತದೆ ಎಂಬುದು ಅವನ ಬೆರಳಿಗೆ ಗೊತ್ತಿತ್ತು. ಅವನು ಹೊಲಿದ ಪುಸ್ತಕವನ್ನು ಎಲ್ಲಿ ತೆರೆದರೂ ಚಪ್ಪಟೆಯಾಗಿ ಬಿದ್ದುಕೊಳ್ಳುತ್ತಿತ್ತು.

ಚಿತ್ರಕಥೆ ಬಂದದ್ದು ೮೫ರಲ್ಲಿ. ಖಜೂರಿಯ ಲಾರಿ ಡ್ರೈವರ್ ರೇವಣಸಿದ್ಧಪ್ಪ ಮುಂಬಯಿಯಿಂದ ಗಾಜಿನ ಸಾಮಾನು ತರುವಾಗ ಅದರ ಸುತ್ತ ತುರುಕಿದ್ದ ರದ್ದಿಯಲ್ಲಿ ಸಿಕ್ಕಿತಂತೆ. "ನನಗ ಓದಾಕ ಬರಂಗಿಲ್ರಿ. ಚಿತ್ರ ನೋಡಿದೆ, ಪೂರಾ ಬಡದಾಟ ಅದ. ಬಿಸಾಕಾಕ ಮನಸಾಗಲಿಲ್ಲ," ಎಂದು ಟೇಬಲ್ಲಿನ ಮೇಲಿಟ್ಟು ಹೋದ. ಅಮೆರಿಕದಲ್ಲಿ ಅಚ್ಚಾದದ್ದು, ಆಗಲೇ ಇಪ್ಪತ್ತು ವರ್ಷ ಹಳೆಯದು. ಮೂವತ್ತಾರು ಪುಟ. ಕಾಗದ ಹಳದಿಗಟ್ಟಿ ಅಂಚು ಉದುರುತ್ತಿತ್ತು. ಯುರೋಪಿನ ಬಡಗಣ ತುದಿಯ ಹಿಮದೇಶಗಳ ಹಳೆಯ ದೇವರುಗಳನ್ನು ತಂದು, ಅವರಿಗೆ ಬಿಗಿಯಾದ ಉಡುಪು ತೊಡಿಸಿ, ಇಂದಿನ ಶಹರದಲ್ಲಿ ಹಾರಾಡಲು ಬಿಟ್ಟ ಕಥೆ. ಸಿಡಿಲದೇವನ ಸುತ್ತಿಗೆ ಎಸೆದರೆ ತಿರುಗಿ ಕೈಗೆ ಬರುತ್ತದೆ. ಮನೆಯೊಳಗೇ ಒಬ್ಬ ಕಪಟಿ ಇದ್ದಾನೆ, ಬೇಕಾದ ರೂಪ ತಾಳುವವನು. ಕಡಲ ತಳದಲ್ಲಿ ಭೂಮಿಯನ್ನೇ ಸುತ್ತಿಕೊಂಡ ಹಾವು ಇದೆ.

ಇಂಗ್ಲಿಷ್ ಬಲ್ಲ ಓದುಗರು ನಮ್ಮಲ್ಲಿ ನಾಲ್ಕೈದು ಜನ. ಉಳಿದವರು ಚಿತ್ರ ನೋಡಿ, "ಇವ ಏನಂತಾನ್ರಿ?" ಎಂದು ಕೇಳುತ್ತಿದ್ದರು. ಹಾಗಾಗಿ ಪಾತ್ರಗಳ ಬಾಯಿಂದ ಹೊರಡುವ ಮಾತಿನ ಗುಳ್ಳೆಗಳ ಮೇಲೆ ಕನ್ನಡದ ಚೀಟಿ ಅಂಟಿಸೋಣ ಎಂದು ನಿರ್ಧರಿಸಿದೆವು. ನಾನು ಅನುವಾದಿಸಿ ಬರೆಯುವುದು, ಭೀಮಶಾ ಗುಳ್ಳೆಯ ಆಕಾರಕ್ಕೆ ಕತ್ತರಿಸಿ ಅಂಟಿಸುವುದು. ನನ್ನ ಮೊದಲ ಚೀಟಿಯನ್ನು ಅವನು ಓದಿ, ಅಂಟು ಹಚ್ಚದೆ ಕೆಳಗಿಟ್ಟ.

"ಏನಾತು?" ಎಂದೆ.

"'ಎಲೈ ದುರುಳ ಸರ್ಪವೇ, ನಿಲ್ಲು' ಅಂತ ಬರದೀರಿ. ಇವ ದೇವರಲ್ರಿ ಅಕ್ಕೋರ, ಕಂಪನಿ ನಾಟಕದ ಮಾಸ್ತರ ಇದ್ದಂಗ ಅದಾನ. ಹಾವು ನಕ್ಕೋತ ಹೋಗ್ತದ."

"ಮತ್ತೇನು ಬರೀಬೇಕು?"

"'ಲೇ ಹಾವಪ್ಪಾ, ಜರಾ ಸರಿ ಆಚಿ. ಇಲ್ಲಂದ್ರ ಹೆಡಿ ಮ್ಯಾಲ ಬೀಳ್ತದ ನೋಡ.'"

ಅದನ್ನೇ ಬರೆದೆ. ಆಮೇಲಿನ ಬಹುಪಾಲು ಮಾತುಗಳು ಅವನವೇ. ನನ್ನದು ಕೈಬರಹ ಮಾತ್ರ. ಹೀಗೆ ಹಿಮದೇಶದ ದೇವರುಗಳೆಲ್ಲ ಆಳಂದದ ಮಾತು ಆಡತೊಡಗಿದರು. ಕಪಟಿಯ ಬಾಯಲ್ಲಿ "ನಿಮ್ಮ ಪಾದದಾಣಿ ಅಣ್ಣಾರ" ಎಂಬ ಮಾತು ಇತ್ತು. ಅದು ಬಂದಾಗಲೆಲ್ಲ ಓದುವ ಕೋಣೆ ನಗುತ್ತಿತ್ತು. ದಿನವೂ ಪತ್ರಿಕೆ ಓದಲು ಬರುತ್ತಿದ್ದ ಚನ್ನಬಸಪ್ಪ ಎಂಬ ಹಿರಿಯರು ಮಾತ್ರ ಬಹಳ ದಿನ ಅದನ್ನು ಮುಟ್ಟಲಿಲ್ಲ. "ಸುತ್ತಿಗಿ ಹಿಡದಾವೆಲ್ಲ ದೇವರಾದ್ರ ನಮ್ಮ ಕಮ್ಮಾರ ಈರಣ್ಣನೂ ದೇವರ," ಎನ್ನುತ್ತಿದ್ದರು. ಒಂದು ದಿನ ಓದಿ ಮುಗಿಸಿ, ಕನ್ನಡಕ ತೆಗೆದು, "ಈರಣ್ಣನ ಕೆಲಸ ಇವನಕಿಂತ ಚಲೋ ಅದ. ಇವ ಬರೇ ಒಡೀತಾನ," ಎಂದರು. ಮರುದಿನವೂ ಓದಿದರು.

ಈಗ ಗುಪ್ತಪುಟದ ಮಾತು. ಇಪ್ಪತ್ತೇಳನೆಯ ಪುಟ ಇಡೀ ಪುಸ್ತಕದಲ್ಲೇ ಅತಿ ಚೆಂದದ ಪುಟ. ಪುಟದ ತುಂಬ ಹಾವು, ಅದರ ಹೆಡೆಯೆದುರು ಇಷ್ಟೇ ಇಷ್ಟು ದೇವರು, ಮೂಲೆಯಲ್ಲಿ 'ಲೇ ಹಾವಪ್ಪಾ' ಎಂಬ ಒಂದೇ ಗುಳ್ಳೆ. ಶಿಕ್ಕಾ ಒತ್ತಿದರೆ ಚಿತ್ರ ಕೆಡುತ್ತದೆ. ಅದಕ್ಕೆ ಶಿಕ್ಕಾವನ್ನು ಗುಳ್ಳೆಯೊಳಗೆ ಒತ್ತಿ, ಮೇಲೆ ಕನ್ನಡದ ಚೀಟಿ ಅಂಟಿಸಿದೆವು. ಆ ಪುಟ ತೆರೆದವರಿಗೂ ಶಿಕ್ಕಾ ಕಾಣುವಂತಿರಲಿಲ್ಲ. ಈ ಉಪಾಯ ನನ್ನದು. ಅಥವಾ ಭೀಮಶಾನದು. ವರದಿಯಲ್ಲಿ ಅವನದು ಎಂದು ಬರೆದಿದ್ದೇನೆ, ಏಕೆಂದರೆ ಅಲ್ಲಿ ಹಾಗೆ ಬರೆಯುವುದು ನನಗೆ ಬೇಕಾಗಿತ್ತು.

೧೯೮೭ರಲ್ಲಿ ಆಡಳಿತ ಮಂಡಳಿಯವರು ದಿನಗೂಲಿಯವರಲ್ಲಿ ಮೂರು ಜನರನ್ನು ಕಾಯಂ ಮಾಡುವುದಾಗಿ ಹೇಳಿದರು. ಊರಿಗೆ ಒಬ್ಬರಂತೆ. ಆಳಂದದಿಂದ ಭೀಮಶಾನ ಹೆಸರು ಹೋಯಿತು. ಹನ್ನೊಂದು ವರ್ಷ ಅವನು ಕಾದದ್ದು ಅದಕ್ಕೇ. ನಾನು ಮಾಡಬೇಕಾದದ್ದು ಎರಡು: ಸ್ಟಾಕ್ ವೆರಿಫಿಕೇಶನ್, ಅಂದರೆ ರಿಜಿಸ್ಟರ್ ಹಿಡಿದು ಕಪಾಟಿನ ಒಂದೊಂದೂ ಪುಸ್ತಕವನ್ನು ತಾಳೆ ನೋಡುವುದು, ಮತ್ತು ಅವನ ನಡತೆಯ ಬಗ್ಗೆ ಒಂದು ಪ್ರಮಾಣಪತ್ರಕ್ಕೆ ಸಹಿ ಹಾಕುವುದು.

ತಾಳೆ ನೋಡಿದ ಮೂರನೆಯ ದಿನ ಚಿತ್ರಕಥೆ ಇಲ್ಲವೆಂದು ಗೊತ್ತಾಯಿತು. ಅದನ್ನು ಮನೆಗೆ ಕೊಡುವ ರೂಢಿ ಇರಲಿಲ್ಲ. ಓದುವ ಕೋಣೆಯಲ್ಲೇ ಓದಬೇಕಿತ್ತು. ಇಬ್ಬರೂ ಕಪಾಟುಗಳನ್ನು ಜರುಗಿಸಿ ಹುಡುಕಿದೆವು. ನಾನು ರಿಜಿಸ್ಟರಿನಲ್ಲಿ 'ಸಿಕ್ಕಿಲ್ಲ' ಎಂದು ಬರೆದೆ. ಪ್ರಮಾಣಪತ್ರದ ಮಾತು ಬಂದಾಗ, "ಸಿಗಲಿ, ಆಮೇಲೆ ಸಹಿ ಹಾಕ್ತೇನಿ," ಎಂದೆ.

"ಅದಕ್ಕೂ ಇದಕ್ಕೂ ಏನ್ ಸಂಬಂಧ್ರಿ?" ಎಂದ ಭೀಮಶಾ.

ಸಂಬಂಧವಿಲ್ಲ, ಎರಡು ದಿನದ ಮಾತು ಎಂದೆ. ಆಗ ನನಗೆ ನಿಜವಾಗಿಯೂ ಅವನ ಮೇಲೆ ಅನುಮಾನ ಇರಲಿಲ್ಲ. ಇತ್ತೇನೋ.

ಎರಡು ವಾರದ ನಂತರ ಪುಸ್ತಕದ ಗಂಟು ಬದಲಿಸಿಕೊಳ್ಳಲು ಅಫಜಲಪುರಕ್ಕೆ ಹೋಗಿದ್ದೆ. ಅಲ್ಲಿಯ ವಾಚನಾಲಯದಲ್ಲಿ ಕೂತಿದ್ದಾಗ ಹವಳಗಾದ ಪ್ರಾಥಮಿಕ ಶಾಲೆಯ ಶಿಕ್ಷಕಿ ಶಾಂತಾಬಾಯಿ ಎಂಬುವರು ಚೀಲದಿಂದ ಒಂದು ಪುಸ್ತಕ ತೆಗೆದು ಕೇಳಿದರು: "ಇದರ ಹೊಲಿಗಿ ಸಡ್ಲಾಗೇದ್ರಿ. ಇಲ್ಲಿ ಯಾರರ ಹಾಕಿಕೊಡ್ತಾರೇನ್ರಿ?"

ತೆರೆದೆ. ನನ್ನ ಕೈಬರಹ. 'ಲೇ ಹಾವಪ್ಪಾ' ಇರಬೇಕಾದ ಜಾಗಕ್ಕೆ ಹೋದರೆ ಆ ಹಾಳೆ ಇಲ್ಲ. ಇಪ್ಪತ್ತಾರರ ನಂತರ ಇಪ್ಪತ್ತೊಂಬತ್ತು. ಹೊಲಿಗೆಯ ಪಕ್ಕ ಚಾಕುವಿನಿಂದ ನೇರವಾಗಿ ಕೊಯ್ದು ತೆಗೆದಿದ್ದರು. ಮೊದಲ ಹಾಳೆಯೂ ಇಲ್ಲ, ಕೊನೆಯ ಹಾಳೆಯೂ ಇಲ್ಲ. ಉಳಿದದ್ದೆಲ್ಲ ಇತ್ತು.

"ಎಲ್ಲಿ ಸಿಕ್ತ್ರಿ ಇದು?"

"ಬಸ್ ಸ್ಟ್ಯಾಂಡಿನಾಗ ಗೋಣಿತಟ್ಟ ಹಾಸಿ ಹಳಿ ಪುಸ್ತಕ ಮಾರ್ತಾನಲ್ರಿ, ಅವನ ಕಡೆ. ನಮ್ಮ ಶಾಲಿ ಮಕ್ಕಳು ಬಿದ್ದು ಬಿದ್ದು ನಗ್ತಾವ್ರಿ. ಯಾರು ಬರದಾರೋ ಏನೋ, ನಮ್ಮ ಕಡೆಯವರೇ ಇರಬೇಕು."

ನಾನೇ ಬರೆದದ್ದು ಎಂದು ಹೇಳಲಿಲ್ಲ. ಇದು ಆಳಂದದ ಪುಸ್ತಕ, ವಿಚಾರಣೆಗೆ ಬೇಕು ಎಂದು ಮಾತ್ರ ಹೇಳಿದೆ. ಅವರು ತಕರಾರು ಮಾಡದೆ ಕೊಟ್ಟರು. ಬಸ್ ಸ್ಟ್ಯಾಂಡಿನ ಮಾರಾಟಗಾರ, "ದಿನಾ ಹತ್ತು ಮಂದಿ ತಂದು ತೂಕಕ್ಕ ಹಾಕ್ತಾರ್ರಿ, ಮುಖ ಯಾರು ನೋಡ್ಯಾರ?" ಎಂದ.

ಆಳಂದದ ಬಸ್ಸಿನಲ್ಲಿ ಆ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತ ನನಗೆ ಆದದ್ದು ಸಿಟ್ಟಲ್ಲ. ಸಿಟ್ಟಾಗಿದ್ದರೆ ಬೆಳಗಾಗುವಷ್ಟರಲ್ಲಿ ಇಳಿಯುತ್ತಿತ್ತು. ನನ್ನ ಎದುರು ಕೂತು, ಮಾತು ತಿದ್ದಿ, ನಗಿಸಿ, ಅದೇ ಬೆರಳಿನಿಂದ ಶಿಕ್ಕಾದ ಮೇಲೆ ಚೀಟಿ ಅಂಟಿಸಿದವನು ಮುಂದೊಂದು ದಿನ ಯಾವ ಹಾಳೆ ಕೊಯ್ಯಬೇಕೆಂದು ಆಗಲೇ ಎಣಿಸಿದ್ದನೇ ಎಂಬ ಯೋಚನೆ ಬಂತು. ಬಂದ ಮೇಲೆ ಹೋಗಲಿಲ್ಲ. ಚೀಟಿ ಅಂಟಿಸುತ್ತ ಕೂತ ಆ ಮಳೆಗಾಲದ ಮಧ್ಯಾಹ್ನಗಳೆಲ್ಲ ಒಂದೊಂದಾಗಿ ಕೆಡತೊಡಗಿದವು. ಅವನ ಪ್ರತಿ ನಗೆಗೂ ಬೇರೆ ಅರ್ಥ ಕಂಡಿತು. ಸಾಮಾನ್ಯ ಕಳ್ಳ ಮೊದಲ ಹಾಳೆ, ಕೊನೆಯ ಹಾಳೆ ಹರಿಯುತ್ತಾನೆ. ಇಪ್ಪತ್ತೇಳನ್ನು ಹುಡುಕಿ ಕೊಯ್ಯುವುದು ಮನೆಯೊಳಗಿನವನು.

ಮರುದಿನ ಬೆಳಿಗ್ಗೆ ಪುಸ್ತಕವನ್ನು ಅವನೆದುರು ಇಟ್ಟೆ. ಅವನ ಮುಖ ಅರಳಿತು ಎಂದು ನನ್ನ ನೆನಪು. ವರದಿಯಲ್ಲಿ 'ಗಾಬರಿಗೊಂಡನು' ಎಂದಿದೆ.

"ಸಿಕ್ತೇನ್ರಿ ಅಕ್ಕೋರ."

"ಇಪ್ಪತ್ತೇಳು ತೆಗಿ."

ಹಾಳೆ ತಿರುವಿದ. ಕೊಯ್ದ ಅಂಚಿನ ಮೇಲೆ ಬೆರಳಾಡಿಸಿದ. "ಯಾರೋ ಕೊಯ್ದಾರ."

"ಯಾರೋ ಅಲ್ಲ ಭೀಮಶಾ. ಅಲ್ಲಿ ಶಿಕ್ಕಾ ಅದ ಅಂತ ಗೊತ್ತಿದ್ದಾವರು. ಅದು ನಮ್ಮಿಬ್ಬರಿಗೇ ಗೊತ್ತು."

"ಹಿಂದಿನ ಸಾಹೇಬರಿಗೆ ಗೊತ್ತಿಲ್ಲೇನ್ರಿ? ನಂಬರ ನಿಮಗ ಹೇಳಿದಾವರೇ ಅವರಲ್ಲೇನು?"

"ಹಿರಿಯರ ಹೆಸರು ನಡುವ ತರಬ್ಯಾಡ. ಬಾಯಿ ಮುಚ್ಚು."

ಭೀಮಶಾ ಪುಸ್ತಕ ಮುಚ್ಚಿ ನನ್ನ ಕಡೆಗೆ ಸರಿಸಿದ. "ಆತ್ರಿ. ಇಬ್ಬರಿಗೇ ಗೊತ್ತು ಅಂತೀರಿ. ಹಂಗಾರ ಆ ಇಬ್ಬರೊಳಗ ಒಬ್ಬಾಕಿ ನೀವು. ನಾ ನಿಮ್ಮ ಹೆಸರು ಬರೀಲೇನ್ರಿ?"

ಇದನ್ನು ನಾನು ಉದ್ಧಟತನ ಎಂದುಕೊಂಡೆ. ಅದೇ ಮಧ್ಯಾಹ್ನ ವರದಿ ಬರೆದೆ. ಅದರ ಮುಖ್ಯ ವಾಕ್ಯ ನನಗೆ ಬಾಯಿಪಾಠ: 'ಸದರಿ ಪುಟದ ಗುಪ್ತ ಮುದ್ರೆಯ ವಿಷಯ ನನಗೂ ಸದರಿ ದಿನಗೂಲಿ ನೌಕರನಿಗೂ ಮಾತ್ರ ತಿಳಿದಿದ್ದು, ಅನ್ಯರಿಗೆ ತಿಳಿಯುವ ಸಂಭವವಿರುವುದಿಲ್ಲ.' ಮಂಡಳಿಯವರು ವಿಚಾರಣೆ ಎಂದು ಹತ್ತು ನಿಮಿಷ ಕೂತರು. ಕಾಯಂ ಪಟ್ಟಿಯಿಂದ ಅವನ ಹೆಸರು ಹೋಯಿತು. ಮರುವಾರ ದಿನಗೂಲಿಯೂ ಹೋಯಿತು. ಈ ಘಟನೆಯನ್ನು ಹಿಂದೆ ಒಮ್ಮೆ ಬರೆಯಲು ಕೂತಾಗ, ಹೋಗುವ ದಿನ ಅವನು ಅತ್ತ ಎಂದು ಬರೆದಿದ್ದೆ. ಅಳಲಿಲ್ಲ. ಅಂಟಿನ ಡಬ್ಬಿ ತೊಳೆದು ಬಿಸಿಲಿಗೆ ಬೋರಲು ಹಾಕಿ, ಚಾವಿ ಕೊಟ್ಟು ಹೋದ. ಪುಸ್ತಕವನ್ನು ನಾನು ಪುರಾವೆಯೆಂದು ಮಂಡಳಿಗೆ ಕಳಿಸಿದ್ದೆ, ಅದು ತಿರುಗಿ ಬರಲಿಲ್ಲ.

ಆರು ವರ್ಷ ನಾನು ಮೋಸಹೋದವಳಂತೆ ಬದುಕಿದೆ. ಅವನ ನಂತರ ಬಂದ ಇಬ್ಬರು ಸಹಾಯಕರಿಗೂ ಗುಪ್ತಪುಟ ಹೇಳಲಿಲ್ಲ. ಆ ಶಿಕ್ಕಾವನ್ನು ನಾನೇ ಒತ್ತುತ್ತಿದ್ದೆ. ಯಾರೊಂದಿಗೂ ಕೂತು ಚೀಟಿ ಅಂಟಿಸುವಂಥ ಕೆಲಸ ಹಚ್ಚಿಕೊಳ್ಳಲಿಲ್ಲ. ಚನ್ನಬಸಪ್ಪನವರು ಒಮ್ಮೆ, "ಆ ಸುತ್ತಿಗಿಯವ ಎಲ್ಲಿ ಹೋದ?" ಎಂದು ಕೇಳಿದಾಗ, "ಮನ್ಯಾಗಿನವರೇ ಒಯ್ದ್ರು," ಎಂದೆ. ಅವರು ಪತ್ರಿಕೆ ಎತ್ತಿಕೊಂಡರು.

೧೯೯೩ರಲ್ಲಿ ನನಗೆ ಜೇವರ್ಗಿಗೆ ವರ್ಗವಾಯಿತು. ಅಲ್ಲಿ ಮೂವತ್ತು ವರ್ಷದಿಂದ ಇದ್ದ ಸಹಾಯಕಿ ನಾಗಮ್ಮ. ಮೊದಲ ದಿನ ಹೊಸ ಪುಸ್ತಕಗಳ ಕಟ್ಟು ಬಂದಿತ್ತು. ನಾನು ಯಾವ ಪುಟ ಆರಿಸಬೇಕೆಂದು ಯೋಚಿಸುತ್ತಿರುವಾಗಲೇ ನಾಗಮ್ಮ ಒಂದು ಪುಸ್ತಕ ತೆಗೆದು, ಎಣಿಸದೆ, ಕೈಗೆ ರೂಢಿಯಾದ ದಪ್ಪದಲ್ಲಿ ತೆರೆದು, ಶಿಕ್ಕಾ ಒತ್ತಿದಳು. ನೋಡಿದೆ. ಇಪ್ಪತ್ತೇಳು.

"ಇದು ಯಾರು ಹೇಳಿದ್ದು ನಾಗಮ್ಮಾ?"

"ಗುಂಡೇರಾವ್ ಸಾಹೇಬರ ಕಾಲದಿಂದ ಇದೇ ಅದ್ರಿ. ಅಫಜಲಪುರದಾಗೂ ಇದೇ. ಇಪ್ಪತ್ತೇಳು ನಕ್ಷತ್ರ, ಮರೆಯಂಗಿಲ್ಲ ಅಂತಿದ್ರು. ಅಲ್ಲಿಯವರು ಇಲ್ಲಿ ಬಂದಾಗೆಲ್ಲ ನಕ್ಕೋತ ಇದನ್ನೇ ಮಾತಾಡ್ತಿದ್ರು. ಯಾಕ್ರಿ, ನಿಮಗ ಹೇಳಿಲ್ಲೇನು?"

ನನಗೆ ಹೇಳಿದ್ದರು. ಬಾಗಿಲು ಮುಂದೆ ಮಾಡಿ ಹೇಳಿದ್ದರು. ಅಷ್ಟೇ ಗಂಭೀರವಾಗಿ ಇನ್ನೆಷ್ಟು ಜನರಿಗೆ, ಎಷ್ಟು ಬಾಗಿಲು ಮುಂದೆ ಮಾಡಿ ಹೇಳಿದ್ದರೋ. ಆ ಸಂಜೆ ಅಫಜಲಪುರದಿಂದ ಬಂದ ಹಳೆಯ ಗಂಟೊಂದನ್ನು ಬಿಚ್ಚಿ, ಹಿಂದೆಂದೂ ಮಾಡದ ಅಸಭ್ಯ ಕೆಲಸ ಮಾಡಿದೆ. ಎಲ್ಲ ಪುಸ್ತಕಗಳಲ್ಲೂ ಇಪ್ಪತ್ತೇಳು. ಇಂಥ ಪುಸ್ತಕಗಳು ಒಂಬತ್ತು ವರ್ಷ ನನ್ನ ಕೈಮೇಲೆ ಹಾದುಹೋಗಿದ್ದವು. ಅಂಕಿ ಗೊತ್ತಿದ್ದವನಿಗೆ ಚೀಟಿಯ ಕೆಳಗಿನ ಶಿಕ್ಕಾ ಕಾಣಬೇಕಾಗಿರಲಿಲ್ಲ. ಕಾಣದಿದ್ದರೂ ಆ ಹಾಳೆಯನ್ನು ಕೊಯ್ದುಬಿಟ್ಟರೆ ಸಾಕು ಎಂದುಕೊಂಡಿರುತ್ತಾನೆ.

ಗುಂಡೇರಾವ್ ಸರ್ ತೀರಿಕೊಂಡು ಎರಡು ವರ್ಷವಾಗಿತ್ತು. ನಿವೃತ್ತರಾದ ಮೇಲೆ ಅವರು ಅಫಜಲಪುರದ ಮನೆಯಲ್ಲಿದ್ದರು. ಆಗಾಗ ಆಳಂದಕ್ಕೆ ಬಂದು ಓದುವ ಕೋಣೆಯಲ್ಲಿ ಕೂರುತ್ತಿದ್ದರು. ಚಿತ್ರಕಥೆ ಕಳೆದ ವಾರ ಅವರು ಬಂದಿದ್ದರೇ? ಬಂದಿದ್ದರು, ಕೊಡೆಯನ್ನು ಕಪಾಟಿಗೆ ಒರಗಿಸಿದ್ದರು ಎಂದು ಈಗ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಈ ದೃಶ್ಯ ನನಗೆ ಕಂಡದ್ದು ಜೇವರ್ಗಿಯ ಆ ದಿನದ ನಂತರ. ಮೊದಲು ಭೀಮಶಾನ ನಗೆಗಳನ್ನು ಬೇಕಾದಂತೆ ತಿದ್ದಿದ ಮನಸ್ಸು ಈಗ ಸತ್ತವರ ಕೈಗೆ ಕೊಡೆ ಕೊಡುತ್ತಿರಬಹುದು. ಅದಕ್ಕೆ ನಾನು ಅವರ ಮೇಲೂ ಏನನ್ನೂ ಹೊರಿಸುವುದಿಲ್ಲ. ಕದ್ದರೋ ಇಲ್ಲವೋ, ನನ್ನ ಒಂದು ನಂಬಿಕೆಯನ್ನಂತೂ ಅವರು ಎಲೆ ಅಡಿಕೆಯಂತೆ ಜಗಿದು ಉಗುಳಿದ್ದರು.

ಇದಕ್ಕಿಂತ ಹೇಳಲು ಕಷ್ಟವಾದದ್ದು ಬೇರೆ ಇದೆ. ನಂಬರ ನನಗೆ ಹೇಳಿದವರೇ ಅವರಾದ್ದರಿಂದ, ಗೊತ್ತಿದ್ದವರು ಕಡಿಮೆಯೆಂದರೂ ಮೂವರು. ಈ ಲೆಕ್ಕ ಮಾಡಲು ಜೇವರ್ಗಿಗೆ ಹೋಗಬೇಕಾಗಿರಲಿಲ್ಲ. ಭೀಮಶಾ ಅಂದೇ ಮಾಡಿ ತೋರಿಸಿದ್ದ. ನನ್ನದು ಶರಣರ ಹೆಸರು ಹೇಳಿ ಊಟಕ್ಕೆ ಕೂರುವ ಮನೆ. ಆದರೂ ಅನುಮಾನಿಸುವ ಹೊತ್ತಿಗೆ ನನ್ನ ಕಣ್ಣು ಕೆಳಗೆ ಕೂತು ಅಂಟು ಕಲಸುವವನ ಮೇಲೆ ಬಿತ್ತು, ಕುರ್ಚಿಯ ಮೇಲೆ ಕೂತು ಹೋದವರ ಮೇಲೆ ಬೀಳಲಿಲ್ಲ.

ಮಂಡಳಿಗೆ ತಿದ್ದುಪಡಿ ಬರೆದೆ. 'ಮುಗಿದ ವಿಷಯ' ಎಂದು ಉತ್ತರ ಬಂತು. ಒಂದು ರವಿವಾರ ಕಿಣ್ಣಿ ಸುಲ್ತಾನಕ್ಕೆ ಹೋದೆ. ಭೀಮಶಾ ಮನೆಯ ಪಡಸಾಲೆಯಲ್ಲಿ ಕೂತು ಶಾಲೆಯ ನೋಟುಬುಕ್ಕುಗಳಿಗೆ ಹೊಲಿಗೆ ಹಾಕುತ್ತಿದ್ದ. ತಲೆ ಪೂರಾ ಬೆಳ್ಳಗಾಗಿತ್ತು.

"ಬರ್ರಿ ಅಕ್ಕೋರ. ಬಿಸಲಾಗ ಬಂದೀರಿ," ಎಂದು ಚಾಪೆ ಹಾಸಿದ. ಅವನ ಹೆಂಡತಿ ಚಹಾ ಇಟ್ಟು ಒಳಗೆ ಹೋದಳು.

ಜೇವರ್ಗಿಯಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಅವನು ಹೊಲಿಗೆ ನಿಲ್ಲಿಸಲಿಲ್ಲ. ಹೇಳಿ ಮುಗಿದ ಮೇಲೆ ದಾರಕ್ಕೆ ಮೇಣ ಸವರುತ್ತ ಕೇಳಿದ:

"ಆಳಂದದಿಂದ ಜೇವರ್ಗಿಗೆ ಆರು ವರ್ಷದ ಹಾದಿ ಏನ್ರಿ? ಬಸ್ಸು ಹೋಗ್ತದಲ್ರಿ."

"ತಪ್ಪಾತು ಭೀಮಶಾ."

"ಹಿಂದಿನ ಸಾಹೇಬರಿಗೆ ಗೊತ್ತದ ಅಂತ ನಾ ಅಂದಿದ್ದೆ. ಬಾಯಿ ಮುಚ್ಚು ಅಂದ್ರಿ. ಮುಚ್ಚಿದೆ."

"ಹೌದು. ಅಂದೆ."

ಅವನು ಮೂರು ನೋಟುಬುಕ್ಕು ಹೊಲಿದು ಮುಗಿಸಿದ. ಮೂರಲ್ಲ, ಒಂದು. ಅಲ್ಲಿಗೇ ಎದ್ದು ಬಂದಿದ್ದರೆ ಚೆನ್ನಾಗಿತ್ತು. ಆದರೆ ಗ್ರಂಥಪಾಲಕಿಯ ಬುದ್ಧಿ ಬಿಡಲಿಲ್ಲ. 'ಸಿಕ್ಕಿಲ್ಲ' ಎಂದು ಬರೆದ ಸಾಲಿನ ಮುಂದೆ ಏನಾದರೂ ಬರೆಯಬೇಕು ಎನಿಸಿತು. ಕೇಳಿಬಿಟ್ಟೆ.

"ಒಂದು ಸಲ ಖರೇ ಹೇಳು. ಆ ಪುಸ್ತಕ ನೀ ತಗೊಂಡಿದ್ದೇನು?"

ಆಗ ಅವನ ಕೈ ನಿಂತಿತು.

"ತಗೊಂಡೇನಿ ಅಂದ್ರ ನಿಮ್ಮ ಎದಿ ಹಗುರಾಗ್ತದ. ತಗೊಂಡಿಲ್ಲ ಅಂದ್ರ ನೀವು ಇನ್ನೊಮ್ಮೆ ಬಂದು ತಪ್ಪಾತು ಅಂತೀರಿ. ಎರಡೂ ನಿಮ್ಮ ಸಲುವಾಗೇ ಆತಲ್ರಿ. ನನ್ನ ಸಲುವಾಗಿ ಇರೋ ಉತ್ತರ ಯಾವುದು ಅಂತ ನೀವೇ ಹೇಳ್ರಿ, ಅದನ್ನ ಹೇಳ್ತೇನಿ."

ನಾನು ಚಹಾ ಎತ್ತಿ, ಕುಡಿಯದೆ ಕೆಳಗಿಟ್ಟೆ. ಅವನು, "ಚಹಾ ಆರ್ತದ್ರಿ," ಎಂದು ಮತ್ತೆ ಸೂಜಿ ತೆಗೆದುಕೊಂಡ.

ನೌಕರಿ ನನಗೆ ಕಲಿಸಿದ್ದು ಏನೆಂದು ಕೇಳಿದರೆ ಹೇಳಬಹುದಾದ್ದು ಸಣ್ಣದು: 'ಇಷ್ಟು ಜನರಿಗೆ ಮಾತ್ರ ಗೊತ್ತು' ಎಂದು ಬರೆಯುವ ಮೊದಲು, ನನಗೆ ಹೇಳಿದವರು ಯಾರು ಎಂದು ಕೇಳಿಕೊಳ್ಳಬೇಕು. ಮುಂದೆ ನಾನು ಬರೆದ ಯಾವ ವರದಿಯಲ್ಲೂ 'ಮಾತ್ರ' ಎಂಬ ಪದ ಬಳಸಲಿಲ್ಲ. ಅದರಿಂದ ಭೀಮಶಾನಿಗೆ ಏನೂ ಆಗಲಿಲ್ಲ.

ಇನ್ನೊಂದು ಸಾಧ್ಯತೆ ಇತ್ತೀಚೆಗೆ ಹೊಳೆದಿದೆ. ಆ ಹಾಳೆಯನ್ನು ಕೊಯ್ದವರಿಗೆ ಶಿಕ್ಕಾ, ನಂಬರ ಯಾವುದೂ ಗೊತ್ತಿರದೆ ಇರಬಹುದು. ಅದು ಚೆಂದದ ಚಿತ್ರವಾಗಿತ್ತು. ಯಾರೋ ಮೆಚ್ಚಿ, ಗೋಡೆಗೆ ಅಂಟಿಸಲು ಕೊಯ್ದಿರಬಹುದು. ಹಾಗಿದ್ದರೆ ನಾನು ಮೋಸವೆಂದು ಓದಿದ್ದರಲ್ಲಿ ಮೋಸವೇ ಇರಲಿಲ್ಲ, ನನ್ನದೊಂದನ್ನು ಬಿಟ್ಟು. ಇದನ್ನೂ ನಂಬಲು ನನಗೆ ಧೈರ್ಯವಿಲ್ಲ.

ಪುಸ್ತಕವನ್ನು ಒಯ್ದವರು ಯಾರು, ನನಗೆ ಗೊತ್ತಿಲ್ಲ. ಹಾಳೆ ಕೊಯ್ದವರೂ ಅವರೇ ಹೌದೋ ಅಲ್ಲವೋ, ಅದೂ ಗೊತ್ತಿಲ್ಲ.